ಗುಂಯ್‌ಗುಟ್ಟುವುದು ಫ್ಯಾನಲ್ಲ, ತಗಡು

[ಕಪ್ಪು ಪರದೆ. ಐದು ಸೆಕೆಂಡು ಬರೀ ಸದ್ದು: ಗುಂ… ಗುಂ… ಗುಂ…]

ಕೇಳಿಸ್ತಾ? ರಾತ್ರಿ ಹನ್ನೊಂದು ಗಂಟೆಗೆ ನಮ್ಮನೆ ಕಂಪ್ಯೂಟರ್ ಹೀಗಿತ್ತು. ಹಗಲು ಮಿಕ್ಸಿ, ಟೀವಿ, ರಸ್ತೆ ಗಲಾಟೆಯಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಇದರ ಭಜನೆ ಶುರು.

[ಮೇಜಿನ ಮೇಲೆ ಕ್ಯಾಬಿನೆಟ್]

ನಮಸ್ಕಾರ. ನಾನೂ ಮೊದಲು ಎಲ್ಲರಂತೆ ಹೊಸ ಫ್ಯಾನ್ ತಂದು ಹಾಕಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಸಿಟ್ಟಿಗೆ ಕ್ಯಾಬಿನೆಟ್ ಪಕ್ಕಕ್ಕೆ ಒಂದು ಏಟು ಕೊಟ್ಟೆ. ಸುಮ್ಮನಾಯಿತು! ಎರಡು ನಿಮಿಷ ಬಿಟ್ಟು ಮತ್ತೆ ಶುರು. ಆಗ ಹೊಳೆಯಿತು: ಫ್ಯಾನ್ ಬರೀ ಅದುರುತ್ತದೆ, ದನಿ ಕೊಡುವುದು ತಗಡು. ಬುರುಡೆ ಇಲ್ಲದ ತಂಬೂರಿಯ ತಂತಿ ಮೀಟಿದರೆ ಎಷ್ಟು ಕೇಳಿಸೀತು ಹೇಳಿ?

[ಕ್ಲೋಸಪ್: ಪಕ್ಕದ ಪ್ಯಾನೆಲ್ ಮೇಲೆ ಅಂಗೈ]

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಂಗೈ ಇಡಿ. ಪಕ್ಕ, ಮೇಲೆ, ಮುಂದೆ ಒಂದೊಂದೇ ಕಡೆ ಒತ್ತಿ. ಸದ್ದು ಬದಲಾಯಿತು ಅಂದರೆ ಕಳ್ಳ ಅಲ್ಲೇ ಇದ್ದಾನೆ. ಕಿಟಕಿ ಸಂದಿಗೆ ಅಂಟಿಸುವ ಫೋಮ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತಗಡು ಫ್ರೇಮಿಗೆ ತಾಗುವ ಅಂಚಿಗೆ ಅದನ್ನು ಹಚ್ಚಿ. ಗಾಳಿ ಕಿಂಡಿ ಮಾತ್ರ ಮುಚ್ಚಬೇಡಿ. ಕ್ಯಾಬಿನೆಟ್ ಎತ್ತಿ ಹಿಡಿದಾಗ ಸದ್ದು ಇಳಿದರೆ ಮೇಜೂ ಅದುರುತ್ತಿದೆ ಅಂತ ಅರ್ಥ. ಹಳೇ ಮೌಸ್ ಪ್ಯಾಡ್ ಕತ್ತರಿಸಿ ನಾಲ್ಕು ಕಾಲಿನ ಕೆಳಗೂ ಇಡಿ.

[ಕ್ಲೋಸಪ್: ಸ್ಕ್ರೂ ಬಿಚ್ಚಿ ರಬ್ಬರ್ ಪಿನ್ ಎಳೆಯುವುದು]

ಇನ್ನು ಫ್ಯಾನಿನ ಅದುರಾಟ ತಗಡಿಗೆ ದಾಟುವ ಸೇತುವೆ ಇದು, ಸ್ಕ್ರೂ. ಇದರ ಜಾಗಕ್ಕೆ ರಬ್ಬರ್ ಪಿನ್ ಬರುತ್ತದೆ. 120 ಮಿಲಿಮೀಟರ್ ಫ್ಯಾನುಗಳಲ್ಲಿ ತೂತಿನಿಂದ ತೂತಿಗೆ 105 ಮಿಲಿಮೀಟರ್, ಯಾವ ಕಂಪನಿಯದಾದರೂ ಅಷ್ಟೇ. ಪಿನ್ನಿನ ಬಾಲ ಹಿಡಿದು ಮೆಲ್ಲಗೆ ಎಳೆಯಿರಿ, ಟಕ್ ಅಂತ ಕೂರುತ್ತದೆ. ಜೋರಾಗಿ ಎಳೆದರೆ ಹರಿಯುತ್ತದೆ. ನಾನು ಎರಡು ಹರಿದಿದ್ದೇನೆ.

[ಎರಡು ಫ್ಯಾನುಗಳು ಅಕ್ಕಪಕ್ಕ, ಪರದೆ ಮೇಲೆ 1200 ಮತ್ತು 1170]

ಶುರುವಿನ ಸದ್ದು ಮತ್ತೆ ನೆನಪಿಸಿಕೊಳ್ಳಿ. ಗುಂ… ಗುಂ… ಅಂತ ಏರಿ ಇಳಿಯುತ್ತಿತ್ತು ಅಲ್ವಾ? ನಿಮಿಷಕ್ಕೆ 1200 ಸುತ್ತು ಅಂದರೆ ಸೆಕೆಂಡಿಗೆ 20. ಪಕ್ಕದ ಫ್ಯಾನ್ 1170ರಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ ಹತ್ತೊಂಬತ್ತೂವರೆ. ಎರಡರ ಅದುರಾಟವೂ ಎರಡು ಸೆಕೆಂಡಿಗೊಮ್ಮೆ ಜೊತೆಯಾಗುತ್ತದೆ, ಆಮೇಲೆ ಬೇರೆಯಾಗುತ್ತದೆ. ಜೊತೆಯಾದಾಗ ಗುಂ. ತಂಬೂರಿ ಶ್ರುತಿ ಮಾಡುವವರು ಕಿವಿಗೊಟ್ಟು ಹುಡುಕುವುದೂ ಇದೇ ಅಲೆಯನ್ನ. ಅವರು ತಂತಿಗಳನ್ನು ಹತ್ತಿರ ತಂದು ಅಲೆಯನ್ನು ಕಳೆಯುತ್ತಾರೆ. ಫ್ಯಾನುಗಳನ್ನು ಅಷ್ಟು ಕರಾರುವಾಕ್ಕಾಗಿ ಕೂಡಿಸಲು ಆಗುವುದಿಲ್ಲ. ಅದಕ್ಕೆ ನಾವು ಉಲ್ಟಾ ಮಾಡೋಣ, ದೂರ ಮಾಡೋಣ. ಒಂದು 1200 ಇರಲಿ, ಇನ್ನೊಂದನ್ನು 1000ಕ್ಕೆ ಇಳಿಸಿ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ, ಎರಡು ನಿಮಿಷದ ಕೆಲಸ.

[ಬಯೋಸ್ ಪರದೆ, ಫ್ಯಾನ್ ಕರ್ವ್]

ಅಲ್ಲಿರುವಾಗಲೇ ಇನ್ನೊಂದು ನೋಡಿ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಬಿಸಿ ಒಂದು ಕ್ಷಣ ಜಿಗಿಯುತ್ತದೆ, ಫ್ಯಾನ್ ಹೌಹಾರಿ ಓಡುತ್ತದೆ. ಸ್ಟೆಪ್ ಅಪ್ ಟೈಮ್, ಅಂದರೆ ಫ್ಯಾನ್ ವೇಗ ಏರಿಸಲು ತೆಗೆದುಕೊಳ್ಳುವ ಸಮಯ, ಜಾಸ್ತಿ ಮಾಡಿದರೆ ಈ ಗಡಿಬಿಡಿ ನಿಲ್ಲುತ್ತದೆ. ವೇಗ ಅರ್ಧ ಮಾಡಿದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಆದರೆ ಗಾಳಿಯೂ ಅರ್ಧ ಆಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಈ ಆಟ ನಡೆಯಲ್ಲ. ಬಿಸಿ ಎಷ್ಟಿದೆ ಅಂತ ನೋಡಿಕೊಂಡೇ ಇಳಿಸಿ.

[ಆಫ್ ಮಾಡಿದ ಕಂಪ್ಯೂಟರ್, ಬ್ರಷ್]

ಧೂಳು ಒಂದು ರೆಕ್ಕೆಗೆ ಜಾಸ್ತಿ ಕೂತರೂ ಸಾಕು, ಫ್ಯಾನ್ ತೂಕ ತಪ್ಪಿ ಅದುರುತ್ತದೆ. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ತಡೆಯಿರಿ. ಇಲ್ಲದಿದ್ದರೆ ಅದು ಡೈನಮೋ ಥರ ತಿರುಗಿ ಕರೆಂಟನ್ನು ಬೋರ್ಡಿಗೇ ಹಿಂದಕ್ಕೆ ಕಳಿಸಬಹುದು.

ಕರಕರ ಸದ್ದಾದರೆ ಬೇರಿಂಗ್ ಸವೆದಿದೆ. ಆಗ ಹೊಸ ಫ್ಯಾನೇ ಸರಿ. ದಯವಿಟ್ಟು ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಬೇರಿಂಗ್ ಒಳಗೂ ಅದೇ ಕಥೆ. ಸದ್ದು ಪವರ್ ಸಪ್ಲೈ ಒಳಗಿಂದ ಬಂದರೆ ಬಿಚ್ಚುವ ಸಾಹಸವೇ ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

[ರಾತ್ರಿ. ಅದೇ ಕೋಣೆ, ಅದೇ ಮೈಕ್. ಐದು ಸೆಕೆಂಡು ಮೌನ. ಆಮೇಲೆ: ಕಟ… ಕಟಕಟ…]

ಅಯ್ಯೋ, ಇದು ಹಾರ್ಡ್ ಡಿಸ್ಕ್! ಇಷ್ಟು ದಿನ ಫ್ಯಾನ್ ಗಲಾಟೆಯಲ್ಲಿ ಕೇಳಿಸುತ್ತಲೇ ಇರಲಿಲ್ಲ.