ಬ್ರಾಯ್ಲರ್ ಮೇವಿಗೆ ಅರಿಶಿನ, ಬೆಳ್ಳುಳ್ಳಿ, ಓಮ

ಕೋಳಿ ಸಾಕಣೆದಾರ ಬಂಧುಗಳಿಗೆ ನಮಸ್ಕಾರ.

ಸುಮಾರು 40 ಗ್ರಾಂ ತೂಗುವ ಬ್ರಾಯ್ಲರ್ ಮರಿ ಆರು ವಾರಕ್ಕೆ ಎರಡು ಕಿಲೋ ದಾಟುತ್ತದೆ. ಇಷ್ಟು ಬಿರುಸಾಗಿ ಬೆಳೆಯುವ ಹಕ್ಕಿಯ ಕರುಳು ಸ್ವಲ್ಪ ಕೆಟ್ಟರೂ ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಗಾಗಿಯೇ ರೋಗವಿಲ್ಲದಿದ್ದರೂ ಮೇವಿಗೆ ಚೂರು ಚೂರು ಆಂಟಿಬಯಾಟಿಕ್ ಬೆರೆಸುವ ರೂಢಿ ಬಂತು. ಅದರ ಬೆನ್ನಿಗೇ ಔಷಧಿಗೆ ಬಗ್ಗದ ರೋಗಾಣುಗಳೂ ಬಂದವು. ಸ್ವೀಡನ್ 1986ರಲ್ಲೇ ಈ ರೂಢಿಯನ್ನು ನಿಷೇಧಿಸಿತು, ಐರೋಪ್ಯ ಒಕ್ಕೂಟ 2006ರ ಜನವರಿಯಲ್ಲಿ. ಆಗ ಆಂಟಿಬಯಾಟಿಕ್ ಬದಲಿಗೆ ಸಾಂಬಾರ ಪದಾರ್ಥಗಳ ಮೇಲೆ ಸಂಶೋಧಕರ ಗಮನ ಹೆಚ್ಚಿತು.

ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲ್ಲಿಸಿನ್, ಓಮದಲ್ಲಿರುವ ಥೈಮಾಲ್ ಎರಡೂ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಥೈಮಾಲ್ ಅವುಗಳ ಕೋಶದ ಪೊರೆಯನ್ನೇ ಸಡಿಲಿಸುತ್ತದೆ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಕಡಿಮೆ, ಬಹುಪಾಲು ಕರುಳಲ್ಲೇ ಉಳಿಯುತ್ತದೆ. ನಮಗೆ ಬೇಕಾದದ್ದೂ ಅಲ್ಲೇ. ಇನ್ನು ಮೆಣಸಿನಕಾಯಿ ಹಾಕಿದರೆ ಕೋಳಿಗೆ ಬಾಯಿ ಉರಿಯುವುದಿಲ್ಲವೇ? ಇಲ್ಲ. ಖಾರವನ್ನು ನಮಗೆ ತಿಳಿಸುವ ನರಗ್ರಾಹಿ ಹಕ್ಕಿಗಳಲ್ಲಿ ಬೇರೆ ಬಗೆಯದು, ಖಾರ ಅವಕ್ಕೆ ತಟ್ಟುವುದೇ ಇಲ್ಲ.

ಆದರೆ ಹಿಡಿ ಹಿಡಿಯಾಗಿ ಸುರಿಯುವ ಕೆಲಸ ಇದಲ್ಲ. ಅರಿಶಿನವನ್ನು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋ ಮೇವಿಗೆ 5ರಿಂದ 10 ಗ್ರಾಂ ಬಳಸಿದ್ದಾರೆ. ನೂರು ಕಿಲೋ ಮೇವಿಗೆ ಅರ್ಧ ಕಿಲೋ ಹಾಕುವುದಾದರೆ, ಮೊದಲು ಅದನ್ನು ಐದು ಕಿಲೋ ಮೇವಿನೊಂದಿಗೆ ಬಣ್ಣ ಒಂದೇ ಸಮ ಆಗುವವರೆಗೆ ಕಲೆಸಿ. ಆಮೇಲೆ ಉಳಿದದ್ದಕ್ಕೆ ಸೇರಿಸಿ. ನೇರವಾಗಿ ರಾಶಿಗೆ ಎರಚಿದರೆ ಒಂದು ಕೋಳಿಗೆ ವಿಪರೀತ, ಇನ್ನೊಂದಕ್ಕೆ ಏನೂ ಇಲ್ಲ. ಬೆಳ್ಳುಳ್ಳಿ ಅತಿಯಾದರೆ ವಾಸನೆ ಮಾಂಸಕ್ಕೂ ಇಳಿಯುತ್ತದೆ.

ಖರೀದಿಸುವಾಗಲೂ ಎಚ್ಚರವಿರಲಿ. ಕಣ್ಣು ಕುಕ್ಕುವ ಹಳದಿಯ ಪುಡಿಯಲ್ಲಿ ಸೀಸದ ಕ್ರೋಮೇಟ್ ಎಂಬ ವಿಷದ ಬಣ್ಣ ಬೆರೆತಿರಬಹುದು. ಬೂಸ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರಬಹುದು, ಅದು ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಓಮದ ಎಣ್ಣೆ ಬಿಸಿಗೆ ಹಾರಿಹೋಗುವಂಥದ್ದು, ಆದ್ದರಿಂದ ಕುಟ್ಟಿದ ಪುಡಿಯನ್ನು ಬಹಳ ದಿನ ಇಡಬೇಡಿ.

ಎಲ್ಲ ಪ್ರಯೋಗಗಳಲ್ಲೂ ತೂಕ ಹೆಚ್ಚಿಲ್ಲ. ಬೆಳೆದ ಮಣ್ಣು, ತಳಿ, ಒಣಗಿಸಿದ ರೀತಿಗೆ ತಕ್ಕಂತೆ ಸತ್ವ ಬದಲಾಗುತ್ತದೆ. ಆದ್ದರಿಂದ ಮೊದಲು ಒಂದೇ ಅಂಕಣದ ಕೋಳಿಗಳಿಗೆ ಕೊಟ್ಟು, ಪಕ್ಕದ ಅಂಕಣಕ್ಕೆ ಮಾಮೂಲಿ ಮೇವು ಹಾಕಿ, ವಾರವಾರ ಎರಡನ್ನೂ ತೂಗಿ ನೋಡಿ. ಲಸಿಕೆ ಮಾತ್ರ ತಪ್ಪಿಸಬೇಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಆಗ ಅರಿಶಿನ ಹೆಚ್ಚಿಸುತ್ತಾ ಕೂರದೆ ಅಂದೇ ಪಶುವೈದ್ಯರನ್ನು ಕರೆಸಿ.