ಮುಗಿಯಲೊಲ್ಲದ ಕಥೆ, ದಣಿದ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ.

ಸೂಪರ್‌ಹೀರೋ ಸಿನಿಮಾಗಳ ಮೇಲೆ ಜನಕ್ಕೆ ಯಾಕೆ ಬೇಸರ ಬಂತು ಅನ್ನುವುದು ಇವತ್ತಿನ ವಿಷಯ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ಅವೆಂಜರ್ಸ್: ಎಂಡ್‌ಗೇಮ್’ ಬಂದಾಗ ನೀವಿನ್ನೂ ಶಾಲೆಯಲ್ಲಿದ್ದಿರಿ. ತೀರ್ಥಹಳ್ಳಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ಅದನ್ನು ನೋಡಲೆಂದೇ ಗೆಳೆಯರನ್ನು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದಿದ್ದ. ಕಥೆ ಯಾರಾದರೂ ಬಾಯಿಬಿಟ್ಟು ಹೇಳಿಬಿಡುತ್ತಾರೆಂಬ ಹೆದರಿಕೆಗೆ ಎರಡು ದಿನ ವಾಟ್ಸಾಪನ್ನೇ ತೆರೆದಿರಲಿಲ್ಲ. ಈಗ ಅದೇ ಹುಡುಗನನ್ನು ಹೊಸ ಮಾರ್ವೆಲ್ ಚಿತ್ರ ನೋಡಿದೆಯಾ ಎಂದು ಕೇಳಿದರೆ, “ಮಾವ, ಅದಕ್ಕೆ ಮುಂಚೆ ಏನೇನೋ ನೋಡ್ಕಬೇಕು, ಆಮೇಲೆ ನೋಡ್ತೀನಿ” ಅನ್ನುತ್ತಾನೆ. ಆ ‘ಆಮೇಲೆ’ ಬರುವುದೇ ಇಲ್ಲ.

ಅವನೊಬ್ಬನ ಕಥೆಯಲ್ಲ ಇದು. ‘ಎಂಡ್‌ಗೇಮ್’ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 280 ಕೋಟಿ ಡಾಲರ್. ನಾಲ್ಕೂವರೆ ವರ್ಷ ಕಳೆದು, 2023ರ ನವೆಂಬರ್‌ನಲ್ಲಿ ಬಂದ ‘ದ ಮಾರ್ವೆಲ್ಸ್’ ಗಳಿಸಿದ್ದು ಸುಮಾರು 20 ಕೋಟಿ ಡಾಲರ್. ಅದೇ ಸಂಸ್ಥೆ, ಅದೇ ಮುದ್ರೆ.

‘ದ ಮಾರ್ವೆಲ್ಸ್’ ಚಿತ್ರವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅದರಲ್ಲಿ ಮೂವರು ನಾಯಕಿಯರು. ಮೊದಲನೆಯವಳು ಕ್ಯಾರಲ್ ಡ್ಯಾನ್ವರ್ಸ್. ಅವಳು ಯಾರೆಂದು ತಿಳಿಯಲು 2019ರ ‘ಕ್ಯಾಪ್ಟನ್ ಮಾರ್ವೆಲ್’ ನೋಡಿರಬೇಕು. ಎರಡನೆಯವಳು ಮೋನಿಕಾ ರಾಂಬೋ. ಅವಳಿಗೆ ಶಕ್ತಿ ಬಂದದ್ದು ಹೇಗೆ ಎಂಬುದಿರುವುದು 2021ರ ‘ವಾಂಡಾವಿಷನ್’ ಸರಣಿಯಲ್ಲಿ, ಅದು ಒಂಬತ್ತು ಕಂತು. ಮೂರನೆಯವಳು ಕಮಲಾ ಖಾನ್. ಅವಳದು 2022ರ ‘ಮಿಸ್ ಮಾರ್ವೆಲ್’, ಆರು ಕಂತು. ಆ ಸರಣಿಗಳು ಥಿಯೇಟರಿನಲ್ಲಿ ಬಂದವಲ್ಲ, ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿ ನೋಡಬೇಕಾದವು. ಇಷ್ಟೆಲ್ಲ ಮುಗಿಸಿದವನು ಟಿಕೆಟ್ ಕೌಂಟರಿಗೆ ಬರಬೇಕು. ದಿನವಿಡೀ ದುಡಿದು, ಮಳೆಯಲ್ಲಿ ನೆನೆದು, ಎರಡು ಗಂಟೆ ಎಲ್ಲ ಮರೆತು ಕೂರೋಣ ಎಂದು ಬಂದವನಿಗೆ ಪರೀಕ್ಷೆಗೆ ಓದದೆ ಬಂದ ಹುಡುಗನ ಸ್ಥಿತಿ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 2008ರ ‘ಐರನ್ ಮ್ಯಾನ್’ನಿಂದ 2012ರ ‘ದ ಅವೆಂಜರ್ಸ್’ವರೆಗಿನ ಮೊದಲ ಹಂತದಲ್ಲಿ ಮಾರ್ವೆಲ್ ಮಾಡಿದ್ದು ಆರು ಚಿತ್ರ. 2021 ಮತ್ತು 2022, ಈ ಎರಡೇ ವರ್ಷಗಳ ನಾಲ್ಕನೇ ಹಂತದಲ್ಲಿ ಏಳು ಚಿತ್ರ, ಎಂಟು ಸರಣಿ, ಮೇಲೆರಡು ವಿಶೇಷ ಸಂಚಿಕೆ. 2019ರ ಕೊನೆಗೆ ಮಾರ್ವೆಲ್‌ನ ಒಡೆಯ ಕಂಪನಿ ಡಿಸ್ನಿ ತನ್ನ ಸ್ಟ್ರೀಮಿಂಗ್ ಸೇವೆ ಶುರುಮಾಡಿತ್ತು. ಚಂದಾದಾರರು ಬಿಟ್ಟುಹೋಗದಂತೆ ಅದಕ್ಕೆ ಸದಾ ಏನಾದರೂ ಹಾಕುತ್ತಲೇ ಇರಬೇಕಿತ್ತು. ಹೆಚ್ಚು ಮಾಡಲು ಹೋಗಿ ಗಮನ ಚದುರಿತು ಎಂದು ಕಂಪನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ 2023ರಲ್ಲಿ ತಾವೇ ಒಪ್ಪಿಕೊಂಡರು. ಮರುವರ್ಷ, ಇನ್ನು ಮುಂದೆ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಚಿತ್ರ ಅಂದರು.

ಈ ಅವಸರದ ಭಾರ ಬಿದ್ದದ್ದು ಕೆಲಸಗಾರರ ಮೇಲೆ. ಹಸಿರು ಪರದೆಯ ಮುಂದೆ ನಿಂತ ನಟರ ಹಿಂದೆ ಊರು, ಆಕಾಶ, ಬೆಂಕಿ ಕಟ್ಟಿಕೊಡುವ ವಿಎಫ್‌ಎಕ್ಸ್ ಕಲಾವಿದರು ನಿದ್ದೆಗೆಟ್ಟು ದುಡಿದರು. ಕೊನೆಗಳಿಗೆಯ ಬದಲಾವಣೆಗಳಿಂದ ಸೋತು ಹೋದೆವೆಂದು 2022ರಲ್ಲಿ ಅವರು ಬಹಿರಂಗವಾಗಿ ಹೇಳಿದರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೋದ ವಿಎಫ್‌ಎಕ್ಸ್ ಸಿಬ್ಬಂದಿ ಒಮ್ಮತದಿಂದ ಮತ ಹಾಕಿ ಯೂನಿಯನ್ ಕಟ್ಟಿಕೊಂಡರು. ಗ್ರಾಫಿಕ್ಸ್ ಚೆನ್ನಾಗಿಲ್ಲ ಎಂದು ನಾವು ಬೈಯುವಾಗ ಅದರ ಹಿಂದಿನ ಈ ಜನರ ನೆನಪಿರಲಿ.

ಆದರೆ ಸಂಖ್ಯೆ ಹೆಚ್ಚಾದದ್ದೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಈ ಚಿತ್ರಗಳಲ್ಲಿ ಏನೂ ಮುಗಿಯುವುದಿಲ್ಲ ಎಂಬುದು. ‘ಐರನ್ ಮ್ಯಾನ್’ ಮುಗಿದು ಹೆಸರುಗಳೆಲ್ಲ ಉರುಳಿದ ಮೇಲೆ ನಿಕ್ ಫ್ಯೂರಿ ಎಂಬ ಗೂಢಚಾರರ ಮುಖ್ಯಸ್ಥ ಬಂದು ಅವೆಂಜರ್ಸ್ ಎಂಬ ವೀರರ ಕೂಟದ ಬಗ್ಗೆ ಒಂದು ಮಾತು ಆಡುತ್ತಾನೆ. 2008ರಲ್ಲಿ ಅದೊಂದು ಉಡುಗೊರೆ. ಆಮೇಲೆ ಅದೇ ರೂಢಿಯಾಯಿತು. ಲೈಟು ಹಾಕಿದ್ದಾರೆ, ಪೊರಕೆ ಹಿಡಿದ ಸಿಬ್ಬಂದಿ ಬಾಗಿಲ ಬಳಿ ಕಾಯುತ್ತಿದ್ದಾರೆ, ಜನ ಮಾತ್ರ ಏಳುವುದಿಲ್ಲ. ಅರ್ಧ ನಿಮಿಷ ಯಾರೋ ಹೊಸ ಮುಖ, ಅಷ್ಟೇ. ನೋಡಿದ ಚಿತ್ರದ ಬಗ್ಗೆ ಮಾತಾಡಿಕೊಂಡು ಹೊರಬರಬೇಕಿದ್ದವರು ಇನ್ನೂ ತಯಾರಾಗದ ಚಿತ್ರದ ಬಗ್ಗೆ ಮಾತಾಡುತ್ತಾ ಹೊರಬರುತ್ತಾರೆ. ಎರಡೂವರೆ ಗಂಟೆ ನೋಡಿದ್ದು ಮುಂದಿನದರ ಜಾಹೀರಾತಾಗಿ ಹೋಯಿತಲ್ಲ!

ಸಾವಿನ ವಿಷಯಕ್ಕೆ ಬನ್ನಿ. 2018ರ ‘ಇನ್ಫಿನಿಟಿ ವಾರ್’ನಲ್ಲಿ ಲೋಕಿ ಸತ್ತ, ಗಮೋರಾ ಸತ್ತಳು. ಮರುವರ್ಷದ ‘ಎಂಡ್‌ಗೇಮ್’ನಲ್ಲಿ ಹಿಂದಿನ ಕಾಲದಿಂದ ಇನ್ನೊಬ್ಬ ಗಮೋರಾ ಬಂದಳು. 2021ಕ್ಕೆ ಇನ್ನೊಬ್ಬ ಲೋಕಿ ತನ್ನದೇ ಸರಣಿಗೆ ನಾಯಕನಾದ. ಅನೇಕ ಜಗತ್ತುಗಳಿವೆ, ಒಂದರಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿದ್ದಾನೆ ಎಂದಮೇಲೆ ನಾನು ಯಾರಿಗಾಗಿ ಅಳಲಿ? ‘ಎಂಡ್‌ಗೇಮ್’ನಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನ ಸಾವಿಗೆ ಹನ್ನೊಂದು ವರ್ಷದ ಒಡನಾಟದ ತೂಕವಿತ್ತು, ನಮ್ಮ ಮಕ್ಕಳು ಬಿಕ್ಕಿಬಿಕ್ಕಿ ಅತ್ತರು. ಈಗ ಆ ಪಾತ್ರ ಮಾಡಿದ್ದ ಅದೇ ರಾಬರ್ಟ್ ಡೌನಿ ಜೂನಿಯರ್ ಡಾಕ್ಟರ್ ಡೂಮ್ ಎಂಬ ಖಳನಾಗಿ ಬರುತ್ತಾರೆಂದು 2024ರಲ್ಲಿ ಘೋಷಣೆಯಾಗಿದೆ. ಪಾತ್ರ ಬೇರೆ ಇರಬಹುದು. ಆ ಮುಖವನ್ನೇ ಮತ್ತೆ ಕರೆತರುವುದು ಅತ್ತವರ ಕಣ್ಣೀರಿಗೆ ಮಾಡುವ ಅನ್ಯಾಯ ಎಂದೇ ನನಗನ್ನಿಸುತ್ತದೆ.

ಹಾಗಿದ್ದರೆ 2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ 130 ಕೋಟಿ ಡಾಲರ್ ಮೀರಿ ಗಳಿಸಿತಲ್ಲ ಎಂದು ನೀವು ಕೇಳಬಹುದು, ಕೇಳಲೇಬೇಕು. 2017ರ ‘ಲೋಗನ್’ ಚಿತ್ರದಲ್ಲಿ ಗೌರವದಿಂದ ಮಣ್ಣುಸೇರಿದ ನಾಯಕ ವುಲ್ವರಿನ್‌ನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆಯುವುದರಿಂದಲೇ ಆ ಚಿತ್ರ ಶುರುವಾಗುತ್ತದೆ. ಜನ ನಕ್ಕರು, ದುಡ್ಡೂ ಬಂತು. ಹಳೆಯ ಪ್ರೀತಿಯ ಗಂಟು ಕರಗುವವರೆಗೆ ಹೀಗೆ ಬರುತ್ತದೆ. ನನಗೆ ಹೆಚ್ಚು ಹೇಳುವುದು 2023ರ ಇನ್ನೆರಡು ಚಿತ್ರಗಳು. ಫೆಬ್ರವರಿಯಲ್ಲಿ ಬಂದ ಮೂರನೇ ‘ಆಂಟ್-ಮ್ಯಾನ್’, ಕ್ಯಾಂಗ್ ಎಂಬ ಮುಂದಿನ ಖಳನನ್ನು ಮೆರೆಸಲೆಂದೇ ಮಾಡಿದ್ದು, 48 ಕೋಟಿ ಡಾಲರಿನ ಒಳಗೇ ನಿಂತಿತು. ಮೇ ತಿಂಗಳಲ್ಲಿ ಬಂದ ಮೂರನೇ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸುಮಾರು 84 ಕೋಟಿ ಗಳಿಸಿತು. ಮೂರೂ ಭಾಗಗಳನ್ನು ನಿರ್ದೇಶಿಸಿದ್ದ ಜೇಮ್ಸ್ ಗನ್ ತಾನು ಕೈಗೆತ್ತಿಕೊಂಡ ಕಥೆಯನ್ನು ಅಲ್ಲಿ ಮುಗಿಸಿಕೊಟ್ಟರು. ರಾಕೆಟ್ ಎಂಬ ಆ ಪುಟ್ಟ ಪ್ರಾಣಿಯ ಬಾಲ್ಯದ ನೋವು ಒಂದು ದಡ ಮುಟ್ಟಿತು. ವರ್ಷ ಒಂದೇ, ಸಂಸ್ಥೆ ಒಂದೇ, ಪ್ರೇಕ್ಷಕರೂ ಅವರೇ.

ಒಂದೇ ಕಥೆ ಬೆಳೆಯುತ್ತಾ ಹೋಗುವುದು ನಮಗೆ ಹೊಸದಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲೂ ಜಾಗವಿಲ್ಲ ಎಂದು ಕುಮಾರವ್ಯಾಸ ಎಂದೋ ಹೇಳಿಬಿಟ್ಟಿದ್ದಾನೆ. ಅಷ್ಟು ಹೇಳಿ ಭಾರತಕ್ಕೆ ಕೈಹಾಕಿ, ಹತ್ತು ಪರ್ವ ಬರೆದು, ಗದಾಪರ್ವಕ್ಕೆ ನಿಲ್ಲಿಸಿದ. ತುಂಗೆಯ ದಡದ ನಮ್ಮ ಹೊಸಹಳ್ಳಿಯಲ್ಲಿ ಅದೇ ಭಾರತವನ್ನು ಗಮಕಿಗಳು ತಲೆಮಾರುಗಳಿಂದ ಹಾಡುತ್ತಿದ್ದಾರೆ, ಕೇಳುವವರಿಗೆ ಬೇಸರವಿಲ್ಲ. ಇನ್ನು ಕುಪ್ಪಳಿಯ ಕುವೆಂಪು, ಕುಮಾರವ್ಯಾಸ ಜಾಗವಿಲ್ಲವೆಂದ ರಾಮಾಯಣಕ್ಕೇ ಮತ್ತೆ ಹೋದರು. ಎಲ್ಲರೂ ಹಳಿದ ಮಂಥರೆಯಲ್ಲಿ ಅವರಿಗೆ ಭರತನ ಮೇಲಿನ ಹುಚ್ಚು ಮಮತೆ ಕಂಡಿತು. ಸೀತೆ ಬೆಂಕಿಗಿಳಿದಾಗ ಅವರ ರಾಮನೂ ಜೊತೆಗಿಳಿಯುತ್ತಾನೆ. ಹೇಳಲು ಹೊಸದಿದ್ದವರಿಗೆ ಅಲ್ಲಿ ಜಾಗ ಸಿಕ್ಕಿತು.

ಯಕ್ಷಗಾನ ನೋಡಿ. ಸಾಗರ, ಹೊಸನಗರದ ಕಡೆ ನಮ್ಮ ಹಿರಿಯರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಎಷ್ಟು ಸಲ ನೋಡಿದರೆಂದು ಅವರೇ ಲೆಕ್ಕ ಇಟ್ಟಿಲ್ಲ. ಆಟ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಕಂಬಳಿ ಹೊದ್ದು ಕೂತಿದ್ದರು. ವೇಷ ರಂಗಕ್ಕೆ ಬಂದು ಕುಣಿದು, ಮಾತಿಗೆ ನಿಂತಿತೆಂದರೆ ಮೊದಲು ಪೀಠಿಕೆ: ನಾನು ಇಂಥವನು, ಇಂಥವರ ಮಗ, ನನಗೆ ಆದದ್ದು ಇಷ್ಟು, ಈಗ ಹೊರಟಿರುವುದು ಇಂಥದ್ದಕ್ಕೆ. ನಿನ್ನೆಯ ಆಟ ನೋಡದವನೂ ಆ ಮಾತಿನೊಂದಿಗೇ ಕಥೆಯೊಳಗೆ ಬಂದುಬಿಡುತ್ತಾನೆ. ಹಿಂದಿನ ಕಥೆ ತಿಳಿಸುವುದು ಅಲ್ಲಿ ಕಲಾವಿದನ ಹೊಣೆ, ಪ್ರೇಕ್ಷಕನದಲ್ಲ. ಅಭಿಮನ್ಯು ಇವತ್ತು ಚಕ್ರವ್ಯೂಹದಲ್ಲಿ ಬಿದ್ದರೆ ಬಿದ್ದ. ನಾಳೆ ಇನ್ನೊಂದೂರಿನಲ್ಲಿ ಮತ್ತೆ ಹೋರಾಡಬಹುದು, ಆದರೆ ಈ ರಾತ್ರಿ ಸುಭದ್ರೆಯ ಗೋಳಿಗೆ ಬೇರೆ ಲೋಕದಿಂದ ಇನ್ನೊಬ್ಬ ಮಗನನ್ನು ತಂದು ನಿಲ್ಲಿಸುವುದಿಲ್ಲ. ಬೆಳಗಿನ ಜಾವ ಭಾಗವತರು ಮಂಗಳ ಹಾಡುತ್ತಾರೆ. ಈಗ ಕಾಲಮಿತಿಯ ಆಟಗಳು ಬಂದು ಮಂಗಳ ಬೇಗ ಆಗುತ್ತದೆ, ಆದರೂ ಆಗಿಯೇ ಆಗುತ್ತದೆ.

ಕನ್ನಡ ಸಿನಿಮಾದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2018ರಲ್ಲಿ, 2022ರಲ್ಲಿ ಬಂದ ‘ಕೆಜಿಎಫ್’ನ ಎರಡು ಭಾಗಗಳು ಒಬ್ಬ ಮನುಷ್ಯನ ಏಳು ಬೀಳಿನ ಒಂದೇ ಕಥೆ, ಅದಕ್ಕೆ ಎರಡು ಭಾಗ ಬೇಕಿತ್ತು. 2022ರ ‘ಕಾಂತಾರ’ ಬಂದಾಗ ಅದಕ್ಕೆ ಹಿಂದೆ ಮುಂದೆ ಏನೂ ಇರಲಿಲ್ಲ. ಆ ದೈವದ ಕಥೆ ಅಲ್ಲೇ ತುಂಬಿಕೊಂಡಿತ್ತು, ಅದಕ್ಕೇ ಭಾಷೆ ಬಾರದ ಊರಿನವರಿಗೂ ತಲುಪಿತು. ಇವೆರಡರ ಗೆಲುವಿನಿಂದ ನಮ್ಮವರು ಕಲಿಯುತ್ತಿರುವ ಪಾಠ ಮಾತ್ರ ನನಗೆ ದಿಗಿಲು ಹುಟ್ಟಿಸುತ್ತಿದೆ. ಮೊದಲ ಭಾಗದಲ್ಲಿ ನಾಯಕನ ತಾಯಿ ಯಾಕೆ ಸತ್ತಳೆಂದೂ ಹೇಳದೆ, ಕೊನೆಗೆ ‘ಭಾಗ 2ರಲ್ಲಿ ಮುಂದುವರಿಯುವುದು’ ಎಂದು ಬರೆದು ಮನೆಗೆ ಕಳಿಸುವುದನ್ನು ನಾನು ಒಪ್ಪಲಾರೆ. ಆ ಎರಡನೇ ಭಾಗ ಎಷ್ಟೋ ಸಲ ಬರುವುದೇ ಇಲ್ಲ. ಟಿಕೆಟ್ಟಿನ ದುಡ್ಡು ಪೂರ್ತಿ ಕೊಟ್ಟವನಿಗೆ ಕಥೆ ಅರ್ಧ ಸಿಕ್ಕಂತಾಯಿತು. ಇಲ್ಲಿ ಕಿರುಚಿತ್ರ ಮಾಡುತ್ತಿರುವ ಹುಡುಗರಿದ್ದೀರಿ, ನಾಳೆ ನಿಮಗೂ ಯಾರೋ ನಿರ್ಮಾಪಕರು ಕ್ಲೈಮ್ಯಾಕ್ಸನ್ನು ಮುಂದಿನ ಭಾಗಕ್ಕೆ ಎತ್ತಿಡಿ ಅನ್ನುತ್ತಾರೆ. ದಯವಿಟ್ಟು ಎತ್ತಿಡಬೇಡಿ, ಇದರಲ್ಲೇ ತೆಗೆಯಿರಿ.