ಒಂದೇ ಕೈಯ ಅಣುಗಳಿಗಾಗಿ

ಕೇಳುಗರಿಗೆ ನಮಸ್ಕಾರ.

ಪುದೀನ ಸೊಪ್ಪಿನ ವಾಸನೆ ನಿಮಗೆಲ್ಲ ಗೊತ್ತು. ಸಬ್ಬಸಿಗೆ ಬೀಜದ ವಾಸನೆಯೂ ಗೊತ್ತಿರುತ್ತದೆ. ಇಲ್ಲಿ ಪುಣೆಯ ಮಾರ್ಕೆಟ್ಟಿನಲ್ಲಿ ಶೇಪು ಅಂತ ಮಾರುತ್ತಾರಲ್ಲ, ಅದೇ ಗಿಡದ ಬೀಜ. ಎರಡೂ ವಾಸನೆಗಳನ್ನು ಕಣ್ಣು ಮುಚ್ಚಿಕೊಂಡೇ ಬೇರೆ ಬೇರೆ ಅಂತ ಹೇಳಬಹುದು. ಆದರೆ ಎರಡರ ಎಣ್ಣೆಯಲ್ಲೂ ಇರುವ ಒಂದು ಮುಖ್ಯ ವಸ್ತು ಕಾರ್ವೋನ್. ಅಣುವಿನಲ್ಲಿ 10 ಕಾರ್ಬನ್, 14 ಹೈಡ್ರೋಜನ್, 1 ಆಕ್ಸಿಜನ್. ತೂಕ ಒಂದೇ, ಕುದಿಯುವ ಬಿಸಿ ಒಂದೇ. ಪುದೀನದ ಕಾರ್ವೋನ್ ಸಬ್ಬಸಿಗೆಯ ಕಾರ್ವೋನಿಗೆ ಕನ್ನಡಿಯ ಬಿಂಬ, ಅಷ್ಟೇ ವ್ಯತ್ಯಾಸ. ನಮ್ಮ ಎಡಗೈ ಬಲಗೈ ಇದ್ದ ಹಾಗೆ: ಬೆರಳುಗಳೆಲ್ಲ ಒಂದೇ, ಆದರೆ ಒಂದರ ಗ್ಲೌಸ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಮೂಗಿನಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳೂ ಹೀಗೆ ಒಂದೇ ಕೈಯವು. ಅದಕ್ಕೇ ಅವಕ್ಕೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಔಷಧದಲ್ಲೂ ಇದೇ ಕಥೆ. ಪಾರ್ಕಿನ್ಸನ್ ಕಾಯಿಲೆಗೆ ಕೆಲಸಕ್ಕೆ ಬರುವುದು ಎಲ್-ಡೋಪಾ ಮಾತ್ರ, ಅದರ ಬಿಂಬ ಅಲ್ಲ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಕೂಡ ಒಂದೇ ಕೈಯ ಔಷಧ. ಈ ಮಾತು ಬಂದಾಗಲೆಲ್ಲ ಥಾಲಿಡೋಮೈಡ್ ಕಥೆ ಬರುತ್ತದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ಹಿಂತೆಗೆದ ಔಷಧ ಅದು. ಒಂದೇ ಕೈಯದ್ದನ್ನು ಮಾರಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಅಂತ ಎಷ್ಟೋ ಜನ ಬರೆಯುತ್ತಾರೆ. ಅದು ಸರಿಯಲ್ಲ. ಥಾಲಿಡೋಮೈಡ್ ದೇಹದೊಳಗೆ ತಾನೇ ಕೈ ಬದಲಿಸಿಕೊಳ್ಳುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಅಣುವಿನ ಕೈ ಯಾವುದು ಅಂತ ತಿಳಿದರೆ ಸಾಲದು. ಅದು ದೇಹದಲ್ಲಿ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೊಸ ಔಷಧದ ಎರಡೂ ಕೈಗಳ ಗುಣವನ್ನು ತಯಾರಕರು ತಿಳಿದುಕೊಂಡಿರಬೇಕು ಎಂಬ ನೀತಿ ತಂದಿತು. ಒಂದೇ ಕೈಯ ಅಣುಗಳನ್ನು ತಯಾರಿಸುವ ನಮ್ಮ ಕ್ಷೇತ್ರಕ್ಕೆ ಆಗ ಒಂದು ಹೊಸ ಬಲ ಬಂತು.

ಕಷ್ಟ ಇರುವುದು ತಯಾರಿಕೆಯಲ್ಲಿ. ಸಾಮಾನ್ಯ ಪದಾರ್ಥಗಳನ್ನು ಫ್ಲಾಸ್ಕಿಗೆ ಹಾಕಿ ಕಲಕಿದರೆ ಎಡ ಬಲ ಎರಡೂ ಅರ್ಧರ್ಧ ಬರುತ್ತವೆ. ಒಂದನ್ನು ಮಾತ್ರ ಮಾಡಬೇಕಾದರೆ, ಫ್ಲಾಸ್ಕಿನೊಳಗೆ ಮೊದಲೇ ಒಂದೇ ಕೈಯ ಏನಾದರೂ ಇರಲೇಬೇಕು. ಈ ಕೆಲಸಕ್ಕೆ ಅಸಿಮೆಟ್ರಿಕ್ ಸಿಂಥೆಸಿಸ್ ಅನ್ನುತ್ತೇವೆ. ನನ್ನ ಜೀವಮಾನದ ಕೆಲಸ ಅದೇ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಪುಣೆಗೆ ಬಂದೆ. ರಸಾಯನಶಾಸ್ತ್ರ ಓದಿದ ನಮ್ಮ ಕಡೆಯ ಹುಡುಗರಿಗೆ ಆಗ ಎರಡು ಊರು ಕಣ್ಣಮುಂದೆ ಇರುತ್ತಿದ್ದವು. ಒಂದು, ಮುಂಬೈ ಮಾಟುಂಗಾದ ಯುಡಿಸಿಟಿ ಎಂಬ ರಾಸಾಯನಿಕ ತಂತ್ರಜ್ಞಾನದ ಸಂಸ್ಥೆ, ಅಂದರೆ ಈಗಿನ ಐಸಿಟಿ. ಇನ್ನೊಂದು, ಪುಣೆಯ ಪಾಷಾಣ್ ರಸ್ತೆಯ ಎನ್‌ಸಿಎಲ್, 1950ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಈ ಎರಡಕ್ಕೂ ಹಳೆಯ ನಂಟಿದೆ. ಎನ್‌ಸಿಎಲ್‌ನ ಮೊದಲ ಭಾರತೀಯ ನಿರ್ದೇಶಕರಾದ ಕೆ. ವೆಂಕಟರಾಮನ್ ಅವರು ಮಾಟುಂಗಾದಿಂದಲೇ ಬಂದವರು. ಬಣ್ಣಗಳ ರಸಾಯನಶಾಸ್ತ್ರದಲ್ಲಿ ಜಗತ್ತಿಗೇ ಗೊತ್ತಿದ್ದ ಹೆಸರು ಅವರದು.

ನಾನು ಸಂಶೋಧನೆಗೆ ಕೂತಾಗ ಬ್ಯಾರಿ ಶಾರ್ಪ್‌ಲೆಸ್ ಮತ್ತು ತ್ಸುತೊಮು ಕಾತ್ಸುಕಿ ಅವರ ಎಪಾಕ್ಸಿಡೇಶನ್ ಹೊರಬಂದು ಕೆಲವೇ ವರ್ಷ ಆಗಿತ್ತು. ಕಾರ್ಬನ್ನುಗಳ ನಡುವಿನ ಜೋಡಿ ಬಂಧದ ಮೇಲೆ ಒಂದು ಆಕ್ಸಿಜನ್ ಕೂರಿಸುವ 1980ರ ಕೆಲಸ ಅದು. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಮನಸ್ಸು ಹಿಡಿದದ್ದು ಅದು. ಹುಣಸೆಹಣ್ಣಿನ ಹುಳಿಯಲ್ಲಿ ಟಾರ್ಟಾರಿಕ್ ಆಮ್ಲ ಇದೆ. ದ್ರಾಕ್ಷಿಯಲ್ಲೂ ಅದೇ. ಗಿಡ ಅದನ್ನು ಒಂದೇ ಕೈಯಲ್ಲಿ ಮಾಡುತ್ತದೆ. ಅದರ ಎಸ್ಟರ್, ಅಂದರೆ ಆಲ್ಕೋಹಾಲ್ ಜೊತೆ ಕೂಡಿಸಿದ ಟಾರ್ಟ್ರೇಟ್, ತೆಗೆದುಕೊಂಡು ಟೈಟಾನಿಯಂ ಜೊತೆ ಸೇರಿಸಿ, ಅಲೈಲಿಕ್ ಆಲ್ಕೋಹಾಲಿಗೆ (ಜೋಡಿ ಬಂಧದ ಪಕ್ಕದಲ್ಲೇ ಆಲ್ಕೋಹಾಲ್ ಗುಂಪು ಇರುವ ಅಣುವಿಗೆ) ಪೆರಾಕ್ಸೈಡ್ ಕೊಟ್ಟರೆ, ಆಕ್ಸಿಜನ್ ಅಣುವಿನ ಒಂದೇ ಮುಖದಿಂದ ಬಂದು ಕೂರುತ್ತದೆ. ಟಾರ್ಟ್ರೇಟಿನ ಇನ್ನೊಂದು ಕೈ ಹಾಕಿದರೆ ಇನ್ನೊಂದು ಮುಖದಿಂದ. ಯಾವುದು ಬೇಕು ಅಂತ ಮೊದಲೇ ನಿರ್ಧರಿಸಿ ಬಾಟಲಿ ಆರಿಸಿಕೊಳ್ಳಬಹುದು! ನಮ್ಮ ಸಾರಿನ ಹುಳಿಯಲ್ಲಿರುವ ಆಮ್ಲಕ್ಕೆ ಇಷ್ಟು ಶಕ್ತಿ ಇದೆ ಅನ್ನುವುದು ಇವತ್ತಿಗೂ ನನಗೆ ಸಂತೋಷ ಕೊಡುತ್ತದೆ.

ಈ ವಿದ್ಯೆಯ ಮೊದಲ ಪುಟವೂ ಅದೇ ಆಮ್ಲದ್ದು. 1848ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅದರ ಒಂದು ಲವಣದ ಹರಳುಗಳನ್ನು ಚಿಮುಟದಿಂದ ಒಂದೊಂದಾಗಿ ಆರಿಸಿ, ಎಡದ್ದು ಬಲದ್ದು ಬೇರೆ ಮಾಡಿದರು. ಹವೆ ಸುಮಾರು 27 ಡಿಗ್ರಿ ಮೀರಿದರೆ ಆ ಹರಳುಗಳು ಹಾಗೆ ಬೇರೆಯಾಗಿ ಕಟ್ಟುವುದೇ ಇಲ್ಲ. ಮುಂಬೈಯ ಮೇ ತಿಂಗಳಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ.

ಪುಣೆಯಲ್ಲಿ ನಮ್ಮ ಶತ್ರು ಮಳೆಗಾಲ. ಟೈಟಾನಿಯಂ ಐಸೊಪ್ರೊಪಾಕ್ಸೈಡಿಗೆ ನೀರಿನ ಹಬೆ ತಾಗಿದರೆ ಸಾಕು, ಬಾಟಲಿಯ ಬಾಯಿಗೆ ಬಿಳಿ ಪುಡಿ ಕಟ್ಟುತ್ತದೆ. ಜೂನ್ ಬಂತೆಂದರೆ ಗಾಜಿನ ಸಾಮಾನನ್ನೆಲ್ಲ ಓವನ್ನಿನಲ್ಲಿ ಒಣಗಿಸಿ, ನೈಟ್ರೋಜನ್ ಬಲೂನ್ ಕಟ್ಟಿ, ಮೈನಸ್ 20 ಡಿಗ್ರಿಗೆ ಇಳಿಸಿ ರಿಯಾಕ್ಷನ್ ಹಾಕುತ್ತಿದ್ದೆವು. 1986ರಲ್ಲಿ ಶಾರ್ಪ್‌ಲೆಸ್ ಗುಂಪು ಮಾಲಿಕ್ಯುಲರ್ ಸೀವ್ಸ್ ಸೇರಿಸಿದರೆ ಟೈಟಾನಿಯಂ 5ರಿಂದ 10 ಪರ್ಸೆಂಟ್ ಸಾಕು ಅಂತ ತೋರಿಸಿತು. ಸೀವ್ಸ್ ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ಅದು ನಿಜವಾದ ಕ್ಯಾಟಲಿಸಿಸ್ ಆಯಿತು: ಕೈ ಇರುವ ವಸ್ತು ಸ್ವಲ್ಪವೇ, ಅದರಿಂದ ಹುಟ್ಟುವ ಒಂದೇ ಕೈಯ ಅಣುಗಳು ರಾಶಿ ರಾಶಿ. ನನ್ನ ಮಟ್ಟಿಗೆ ಈ ಕ್ಷೇತ್ರದ ತಿರುಳೇ ಇದು.

ನಮ್ಮ ಜೀವನ ಒಂದು ಸಂಖ್ಯೆಯ ಹಿಂದೆ ನಡೆಯುತ್ತದೆ. ಅದಕ್ಕೆ ಇ.ಇ., ಅಂದರೆ ಎನಾನ್ಶಿಯೋಮೆರಿಕ್ ಎಕ್ಸೆಸ್, ಅನ್ನುತ್ತೇವೆ. ಒಂದು ಕೈ ಇನ್ನೊಂದಕ್ಕಿಂತ ನೂರಕ್ಕೆ ಎಷ್ಟು ಭಾಗ ಹೆಚ್ಚು ಅನ್ನುವ ಲೆಕ್ಕ ಅದು. ಅರ್ಧ ಅರ್ಧ ಬಂದರೆ ಸೊನ್ನೆ, ಪೂರ್ತಿ ಒಂದೇ ಕೈ ಬಂದರೆ 100. ಇ.ಇ. 90 ಅಂದರೆ 95 ಭಾಗ ಬೇಕಾದದ್ದು, 5 ಭಾಗ ಬೇಡದ್ದು. ಮೊದಲು ಇದನ್ನು, ಅಣುಗಳು ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತವೆ ಅಂತ ತೋರಿಸುವ ಪೋಲಾರಿಮೀಟರಿನ ಹಳದಿ ಸೋಡಿಯಂ ಬೆಳಕಿನಲ್ಲಿ ಅಳೆಯುತ್ತಿದ್ದೆವು. ಆಮೇಲೆ ಎಡ ಬಲ ಅಣುಗಳನ್ನು ಬೇರೆ ಬೇರೆ ಹೊತ್ತಿಗೆ ಹೊರಬಿಡುವ ಕೈರಲ್ ಕಾಲಂ ಹಾಕಿದ ಎಚ್‌ಪಿಎಲ್‌ಸಿ ಬಂತು. ಪೇಪರಿನ ಮೇಲೆ ಎರಡು ಪೀಕ್ ಬರುತ್ತವೆ. ಎರಡನೆಯದು ಗಿಡ್ಡವಾಗಲಿ ಅಂತ ಇಡೀ ಲ್ಯಾಬ್ ಉಸಿರು ಬಿಗಿಹಿಡಿದು ನೋಡುತ್ತಿತ್ತು.

ಮಾನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್ 1968ರಲ್ಲಿ ರೋಡಿಯಂ ಲೋಹ ಬಳಸಿ ಹೈಡ್ರೋಜನ್ ಸೇರಿಸಿದಾಗ ಬಂದ ಇ.ಇ. 15 ಮಾತ್ರ. ಯಾವ ಕಾರ್ಖಾನೆಗೂ ಅದು ಬೇಕಿರಲಿಲ್ಲ. ಅವರು ಬಿಡಲಿಲ್ಲ. ಲೋಹಕ್ಕೆ ಅಂಟಿಕೊಂಡು ಅದಕ್ಕೆ ಕೈ ಕೊಡುವ ಫಾಸ್ಫೀನ್ ಲಿಗ್ಯಾಂಡನ್ನು ಬದಲಿಸುತ್ತ ಬದಲಿಸುತ್ತ ಡೈಪ್ಯಾಂಪ್ ಎಂಬುದನ್ನು ಮಾಡಿ 95ಕ್ಕೆ ಮುಟ್ಟಿಸಿದರು. ಎಲ್-ಡೋಪಾ ಕಾರ್ಖಾನೆಯಲ್ಲಿ ತಯಾರಾಗಿದ್ದು ಆ ದಾರಿಯಲ್ಲಿ. 2001ರ ನೊಬೆಲ್ ಅವರಿಗೆ, ಜಪಾನಿನ ರಿಯೋಜಿ ನೊಯೊರಿ ಅವರಿಗೆ ಮತ್ತು ಶಾರ್ಪ್‌ಲೆಸ್ ಅವರಿಗೆ ಬಂತು.

ಇ.ಇ.ಯನ್ನು ಮೇಲಕ್ಕೇರಿಸುವ ಈ ಹತ್ತುವಿಕೆ ಎಷ್ಟು ನಾಜೂಕು ಅಂತ ಹೇಳಬೇಕು. ಕೋಣೆಯ ಬಿಸಿಯಲ್ಲಿ 99ಕ್ಕೆ 1ರಂತೆ ಎರಡು ಕೈಗಳು ಬರಬೇಕಾದರೆ, ಅವುಗಳ ದಾರಿಯಲ್ಲಿರುವ ಶಕ್ತಿಯ ಏರಿನ ವ್ಯತ್ಯಾಸ ಒಂದು ಮೋಲಿಗೆ ಸುಮಾರು 2.7 ಕಿಲೋಕ್ಯಾಲೊರಿ. ಈಥೇನ್ ಅಣು ತನ್ನ ನಡುವಿನ ಬಂಧದ ಸುತ್ತ ಹೊರಳಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ. ಅಷ್ಟು ಸಣ್ಣ ವ್ಯತ್ಯಾಸವನ್ನು ಲೆಕ್ಕ ಹಾಕಿ ಮೊದಲೇ ಹೇಳುವುದು ಬಹಳ ಕಷ್ಟ. ಅದಕ್ಕೇ ಹುಡುಗರು ದ್ರಾವಕ ಬದಲಿಸಿ, ಬಿಸಿ ಇಳಿಸಿ, ಲಿಗ್ಯಾಂಡಿಗೆ ಒಂದು ಮಿಥೈಲ್ ಜಾಸ್ತಿ ಹಾಕಿ ತಿಂಗಳುಗಟ್ಟಲೆ ನೋಡುತ್ತಾರೆ. ಬೇರೆಯವರಿಗೆ ಇದು ಸುಮ್ನೆ ತಡಕಾಟ ಅನ್ನಿಸಬಹುದು. ಆದರೆ ಒಳ್ಳೆಯ ವಿದ್ಯಾರ್ಥಿ ಪ್ರತಿ ಬದಲಾವಣೆಯ ಹಿಂದೆ ಒಂದು ಕಾರಣ ಇಟ್ಟುಕೊಂಡಿರುತ್ತಾನೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ ಕೂಡ.

ನೊಯೊರಿ ಅವರ ಬೈನ್ಯಾಪ್ ಲಿಗ್ಯಾಂಡಿನ ಕಥೆ ನಮ್ಮ ದೇಶಕ್ಕೆ ಹತ್ತಿರದ್ದು. ಮೆಂಥಾಲ್ ಅಣು ಎಂಟು ರೂಪಗಳಲ್ಲಿ ಇರಬಹುದು. ನಮಗೆ ಬೇಕಾದ ಆ ತಂಪು ಕೊಡುವುದು ಮುಖ್ಯವಾಗಿ ಒಂದೇ ರೂಪ. ಉತ್ತರ ಪ್ರದೇಶದ ಬಾರಾಬಂಕಿ ಕಡೆಯ ರೈತರು ಅದನ್ನು ಹೊಲದಲ್ಲಿ ಬೆಳೆಯುತ್ತಾರೆ. ಜಪಾನಿನ ತಕಾಸಾಗೊ ಕಂಪನಿ ಅದೇ ರೂಪವನ್ನು ರೋಡಿಯಂ ಮತ್ತು ಬೈನ್ಯಾಪ್ ಬಳಸಿ 1980ರ ದಶಕದಿಂದ ಕಾರ್ಖಾನೆಯಲ್ಲಿ ಮಾಡುತ್ತಿದೆ. ಹೊಲಕ್ಕೂ ಕಾರ್ಖಾನೆಗೂ ಪೈಪೋಟಿ. ಹೊಲದ ಕಡೆ ನನಗೆ ಪ್ರೀತಿ ಇದೆ, ಆದರೆ ಆ ಕಾರ್ಖಾನೆಯ ರಸಾಯನಶಾಸ್ತ್ರಕ್ಕೆ ತಲೆಬಾಗದೆ ಇರಲಾರೆ.

ನನ್ನ ವೃತ್ತಿಯ ಎರಡನೆಯ ಭಾಗ ಎರಿಕ್ ಜೇಕಬ್‌ಸನ್ ಅವರ ಕೋಬಾಲ್ಟ್ ಸೇಲೆನ್ ಎಂಬ ಕ್ಯಾಟಲಿಸ್ಟ್ ಜೊತೆ ಕಳೆಯಿತು. 1997ರ ವಿಧಾನ. ಎಡ ಬಲ ಬೆರೆತ ಅಗ್ಗದ ಎಪಾಕ್ಸೈಡಿಗೆ ಅರ್ಧ ಪಾಲು ನೀರು ಕೊಟ್ಟರೆ, ಕ್ಯಾಟಲಿಸ್ಟ್ ಒಂದು ಕೈಯದನ್ನು ಮಾತ್ರ ತೆರೆದು ಡಯೋಲ್ (ಎರಡು ಆಲ್ಕೋಹಾಲ್ ಗುಂಪಿನ ಅಣು) ಮಾಡುತ್ತದೆ, ಇನ್ನೊಂದನ್ನು ಹಾಗೇ ಬಿಡುತ್ತದೆ. ಎರಡೂ ಕೆಲಸಕ್ಕೆ ಬರುತ್ತವೆ. ಕ್ಯಾಟಲಿಸ್ಟ್ ಎಷ್ಟೋ ಸಲ 1 ಪರ್ಸೆಂಟಿಗಿಂತ ಕಡಿಮೆ ಸಾಕು. ಮೈನಸ್ 20 ಬೇಡ, ಮಳೆಗಾಲದ ಹೆದರಿಕೆ ಬೇಡ, ನೀರೇ ಇಲ್ಲಿ ಸಾಮಗ್ರಿ! ಪ್ರೊಪ್ರಾನೊಲಾಲ್‌ನಂಥ ಹೃದಯದ ಔಷಧಗಳನ್ನು ಒಂದೇ ಕೈಯಲ್ಲಿ ಮಾಡಲು ಇಂಥ ಎಪಾಕ್ಸೈಡುಗಳು ಬೇಕು. ಕಡಿಮೆ ಬೆಲೆಗೆ ಔಷಧ ಮಾಡುವ ನಮ್ಮಂಥ ದೇಶಕ್ಕೆ ಇದು ಹೇಳಿ ಮಾಡಿಸಿದ ರಸಾಯನಶಾಸ್ತ್ರ ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಇನ್ನು ಪ್ರೋಲೀನ್. ನಮ್ಮ ದೇಹದ ಪ್ರೋಟೀನಿನಲ್ಲೇ ಇರುವ ಅಮೈನೊ ಆಮ್ಲ. 2000ದಲ್ಲಿ ಬೆಂಜಮಿನ್ ಲಿಸ್ಟ್ ಮತ್ತು ಜೊತೆಗಾರರು ಲೋಹವೇ ಇಲ್ಲದೆ ಇದೊಂದರಿಂದಲೇ, ಎರಡು ಅಣುಗಳನ್ನು ಕಾರ್ಬನ್ ಬಂಧದಿಂದ ಜೋಡಿಸುವ ಆಲ್ಡಾಲ್ ರಿಯಾಕ್ಷನ್ ಅನ್ನು ಒಂದು ಕೈ ಹೆಚ್ಚು ಬರುವ ಹಾಗೆ ಮಾಡಿ ತೋರಿಸಿದರು. ಅದೇ ವರ್ಷ ಡೇವಿಡ್ ಮ್ಯಾಕ್‌ಮಿಲನ್ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. 2021ರ ನೊಬೆಲ್ ಇಬ್ಬರಿಗೂ. ಲ್ಯಾಬಿನಲ್ಲಿ ನೈಟ್ರೋಜನ್ ಲೈನ್ ಇಲ್ಲದ ಸಣ್ಣ ಕಾಲೇಜಿನ ಹುಡುಗಿ ಕೂಡ ಈಗ ಅಸಿಮೆಟ್ರಿಕ್ ರಿಯಾಕ್ಷನ್ ಹಾಕಬಹುದು. ಇದು ದೊಡ್ಡ ಬದಲಾವಣೆ.

ಪಿಎಚ್.ಡಿ. ಸೇರುವ ಮಕ್ಕಳು ಪುಣೆಯಲ್ಲಿ ಸಿಕ್ಕಾಗ ಕೇಳುತ್ತಾರೆ: ಸರ್, ಇದರಲ್ಲಿ ಇನ್ನೇನು ಉಳಿದಿದೆ? ಬೇಕಾದಷ್ಟು ಉಳಿದಿದೆ ಮಗು. ರೋಡಿಯಂ ಸಾವಿರಕ್ಕೆ ಒಂದು ಪಾಲು ಸಾಕು, ಆದರೆ ಬೆಲೆ ಮುಟ್ಟುವ ಹಾಗಿಲ್ಲ. ಪ್ರೋಲೀನ್ ಅಗ್ಗ, ಆದರೆ ಆ ಆಲ್ಡಾಲಿಗೆ 20-30 ಪರ್ಸೆಂಟ್ ಸುರಿಯಬೇಕು. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಕೈಯಲ್ಲಿ ರೋಡಿಯಂ ಕೆಲಸ ಮಾಡಿಸಬೇಕು. ನಾಲ್ಕು ಕಡೆಯೂ ಕಾರ್ಬನ್ನೇ ಇರುವ ಕಾರ್ಬನ್ನನ್ನು ಒಂದೇ ಕೈಯಲ್ಲಿ ಕಟ್ಟುವುದು ಇವತ್ತಿಗೂ ಸುಲಭವಲ್ಲ. ಇವುಗಳಲ್ಲಿ ಯಾವುದನ್ನು ಹಿಡಿದರೂ ನಿಮ್ಮ ಮುಂದಿನ ವರ್ಷಗಳಿಗೆ ಕೆಲಸ ಇದೆ.

ನಮಸ್ಕಾರ.